ಶಹೀದಾಳ ಕೈ ಭಾರವಿರಲಿಲ್ಲ

ಹುಮನಾಬಾದಿನಲ್ಲಿ ಹೆಣ್ಣುಮಕ್ಕಳಿಗೆ ಕಟ್ಟಿಗೆ ಕೆಲಸ ಕಲಿಸುವ ಕೇಂದ್ರವೊಂದು ಶುರುವಾಗಿದೆ. ಅಲ್ಲಿ ಕಲಿಸುವ ಸುನೀತಾ ಮೇಡಂ ಈಚೆಗೆ ನಮ್ಮ ಮನೆಗೆ ಬಂದಿದ್ದರು. “ನಿಮ್ಮ ಅನುಭವ ನಾಲ್ಕು ಪುಟ ಬರೆದುಕೊಡ್ರಿ ಕಮಲಾಬಾಯಿ, ಹುಡುಗೇರಿಗೆ ಹುರುಪು ಬರೋ ಹಂಗ ಇರ್ಲಿ” ಎಂದರು. ಹುರುಪು ನನ್ನ ಹತ್ತಿರ ಇಲ್ಲ ತಾಯಿ, ಸಿಟ್ಟು ಬೇಕಾದರೆ ಚೀಲ ತುಂಬ ಇದೆ ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು.

ಚಹಾ ಕುಡಿಯುತ್ತ ತಮ್ಮ ವಿದ್ಯಾರ್ಥಿನಿಯರ ಸುದ್ದಿ ಹೇಳಿದರು. “ಛಲೋ ಕಲಿತಾರ್ರಿ. ಆದ್ರ ಪಾಲಿಶ್ ಪೇಪರ್ ಹಿಡಿದು ಭಾಳ ಒತ್ತತಾರ. ದಿನಾ ಹೇಳ್ತೀನಿ, ಶಹೀದಾ ಕೈ ಮಾಡಬ್ಯಾಡ್ರೆವ್ವಾ, ಮಾಲು ಬಿರೀತದ ಅಂತ.”

ನನ್ನ ಕೈಯಲ್ಲಿದ್ದ ಕಪ್ಪು ಹಾಗೇ ನಿಂತಿತು. “ಏನಂದ್ರಿ? ಯಾವ ಶಹೀದಾ?”

“ಯಾರೋ ಏನೋ ಗೊತ್ತಿಲ್ರಿ. ಈ ಕೆಲಸದಾಗ ಹಂಗ ಅಂತಾರ. ಕೈ ಭಾರ ಇದ್ದವರಿಗೆ ಶಹೀದಾ ಕೈ ಅಂತ. ಹಿಂದ ಯಾರರ ಇದ್ದಿರ್ಬೇಕು.”

ಯಾರೋ ಇದ್ದಿರಬೇಕಂತೆ! ಇದ್ದಿರಬೇಕು ಏನು ಬಂತು, ಇದ್ದಾಳೆ. ಬಸವಕಲ್ಯಾಣದಲ್ಲಿ ಇದ್ದಾಳೆ, ಕಣ್ಣು ಇನ್ನೂ ಚುರುಕಾಗಿವೆ, ಹಳೇ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಾಳೆ. ನಾನು ಈ ಕಸುಬಿನಲ್ಲಿ ಕಂಡ ಕೈಗಳಲ್ಲಿ ಅತಿ ಹಗುರವಾದ ಕೈ ಅವಳದು. ಆ ಕೈಯ ಹೆಸರನ್ನು ನಮ್ಮ ಕಸುಬಿನವರು ಬೈಗುಳ ಮಾಡಿಕೊಂಡಿದ್ದಾರೆ. ಮೇಡಂ ಹೋದ ಮೇಲೂ ನನ್ನ ಮೈ ಉರಿಯುತ್ತಲೇ ಇತ್ತು. ಬರೆಯುತ್ತೇನೆ ಎಂದು ಒಪ್ಪಿಕೊಂಡದ್ದು ಅದೇ ಉರಿಯಲ್ಲಿ. ಹುಡುಗಿಯರೇ, ನಿಮಗೆ ಕಸುಬಿನ ನಾಲ್ಕು ಮಾತೂ ಇದರಲ್ಲಿ ಸಿಗುತ್ತವೆ, ಆದರೆ ನಾನು ಬರೆಯುತ್ತಿರುವುದು ಆ ಹೆಸರಿಗಾಗಿ.

ಮೊದಲು ಕೆಲಸ ಎಂಥದ್ದು ಎಂದು ಹೇಳುತ್ತೇನೆ. ಕಟ್ಟಿಗೆಯ ತುಂಡಿಗೆ ಅಕ್ರಿಲಿಕ್ಕಿನ ತುಂಡು ಅಂಟಿಸಿ ಒಂದು ಮಾಡುತ್ತಾರೆ. ಖರಾದಿ ಅದನ್ನು ತಿರುಗುವ ಲೇತ್ ಯಂತ್ರಕ್ಕೆ ಹಾಕಿ, ಉಳಿ ಹಿಡಿದು ರೂಪ ಕೊಡುತ್ತಾನೆ. ಊರುಗೋಲಿನ ಹಿಡಿ, ಬಾಗಿಲಿನ ಗುಂಡು, ಪೆನ್ನು, ಕೀಲಿಗೊಂಚಲಿಗೆ ತೂಗುಬಿಡುವ ಉರುಟು ಗುಬ್ಬಿ, ಹೀಗೆ ನಾನಾ ಥರದ ಮಾಲು. ಸಾಗವಾನಿಯ ನಡುವೆ ಹಾಲುಬಿಳಿ ಉಂಗುರ, ಶೀಸಂ ನಡುವೆ ಜೇನುಬಣ್ಣದ ಪಟ್ಟಿ. ನೋಡಿದವರೆಲ್ಲ ಖರಾದಿಗೆ ಶಹಬ್ಬಾಸ್ ಎನ್ನುತ್ತಾರೆ. ಆದರೆ ಅವನ ಉಳಿಯಿಂದ ಇಳಿದ ಹಿಡಿಯನ್ನು ಹಾಗೇ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ತನಕ ನಡೆದು ಬನ್ನಿ, ಅಂಗೈ ಏನಾಗುತ್ತದೆ ನೋಡಿ. ಅದನ್ನು ಮನುಷ್ಯರು ಹಿಡಿಯುವ ವಸ್ತು ಮಾಡುವವರು ನಾವು. ನಮ್ಮ ಕೆಲಸಕ್ಕೆ ಕಾರ್ಖಾನೆಯಲ್ಲಿ ಇದ್ದ ಹೆಸರು ‘ಉಜ್ಜೋದು’. ಪಾತ್ರೆ ಉಜ್ಜೋದು, ನೆಲ ಉಜ್ಜೋದು, ಹಿಡಿ ಉಜ್ಜೋದು. ಖರಾದಿಗೆ ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಮಗೆ ‘ಏ ಬಾಯಿ’.

ಈ ಉಜ್ಜೋದರಲ್ಲಿ ಏನಿದೆ ಎನ್ನುವವರು ಒಮ್ಮೆ ಉಜ್ಜಿ ನೋಡಬೇಕು. ಕಟ್ಟಿಗೆ ಮೆತ್ತಗಿನದಾದರೆ ಬೇಗ ಸವೆಯುತ್ತದೆ, ಅಕ್ರಿಲಿಕ್ ಹಟ ಹಿಡಿದು ನಿಲ್ಲುತ್ತದೆ. ಎರಡಕ್ಕೂ ಒಂದೇ ಸಮ ಪೇಪರ್ ಆಡಿಸಿದರೆ ಉಂಗುರ ಎದ್ದು ನಿಲ್ಲುತ್ತದೆ, ಕಟ್ಟಿಗೆ ತಗ್ಗಾಗುತ್ತದೆ. ಉಂಗುರಕ್ಕೆ ಹೆಚ್ಚು ಕೊಡೋಣ ಎಂದು ಒಂದೇ ಕಡೆ ಒತ್ತಿದರೆ ಅದು ಕಾಯ್ದು ಜಿಗುಟಾಗುತ್ತದೆ, ಪೇಪರಿಗೆ ಅಂಟಿಕೊಂಡು ಗೀರು ಬೀಳುತ್ತದೆ. ಕಟ್ಟಿಗೆ ಗೀರನ್ನು ಮುಚ್ಚಿಟ್ಟುಕೊಳ್ಳುತ್ತದೆ, ಅಕ್ರಿಲಿಕ್ ಒಂದನ್ನೂ ಮುಚ್ಚಿಡುವುದಿಲ್ಲ. ಒರಟು ಪೇಪರಿನ ಗೀರು ಪೂರ್ತಿ ಹೋಗುವ ತನಕ ನುಣುಪು ಪೇಪರ್ ಮುಟ್ಟಬಾರದು. ಪ್ರತಿ ನಂಬರಿನ ಪೇಪರ್ ಮುಗಿದ ಮೇಲೆ ಲೇತ್ ನಿಲ್ಲಿಸಿ, ಅದನ್ನೇ ಉದ್ದಕ್ಕೆ ಕೈಯಿಂದ ಒಂದು ಸಲ ಆಡಿಸಬೇಕು. ಜಲ್ದಿ ಮುಗಿಸಬೇಕೆನ್ನುವವರು ಬಿಡುವುದು ಇದನ್ನೇ.

ಬೀದರ್ ರಸ್ತೆಯ ಕಡೆ ಇದ್ದ ನಮ್ಮ ತಗಡಿನ ಶೆಡ್ಡನ್ನು ನಾವು ಕಾರ್ಖಾನೆ ಎಂದು ಕರೆಯುತ್ತಿದ್ದೆವು. ನಾನು ಕೊಡಂಬಲದವಳು, ಮದುವೆಯಾಗಿ ಹುಮನಾಬಾದಿಗೆ ಬಂದವಳು. ಹೊಲದಲ್ಲಿ ಕಳೆ ತೆಗೆದು ಗೊತ್ತೇ ಹೊರತು ಪಾಲಿಶ್ ಪೇಪರ್ ಕಂಡವಳಲ್ಲ. ನನಗೆ ಕಲಿಸಿದವಳು ಶಹೀದಾ. ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದಳು. ಅವಳ ತಂದೆ ಖರಾದಿ, ತೊಟ್ಟಿಲ ಕಂಬಗಳನ್ನು ತಿರುಗಿಸುತ್ತಿದ್ದವರು. ಮನೆತನದ ಕಸುಬೇ ಅದು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ಆದರೆ ಕೆಲಸ ಕೆಟ್ಟರೆ ನನ್ನ ಬೆರಳಿಗೆ ಟಪ್ಪನೆ ಹೊಡೆಯುತ್ತಿದ್ದಳು.

“ಒತ್ತಬ್ಯಾಡ ಅಕ್ಕಾ. ಪೇಪರಿಗೆ ಹಲ್ಲು ಅವ, ಕಡಿಯೋದು ಅದರ ಕೆಲಸ. ನಿನ್ನ ಕೆಲಸ ಬರೇ ಹಿಡಿಯೋದು.”

ಅವಳ ಹತ್ತಿರ ತೊಳೆದು ತೊಳೆದು ಜಾಳಾದ ಹಳೇ ಧೋತರದ ಒಂದು ತುಂಡು ಇರುತ್ತಿತ್ತು. ಕಟ್ಟಿಗೆಯೂ ಅಕ್ರಿಲಿಕ್ಕೂ ಕೂಡುವ ಜಾಗದ ಮೇಲೆ ಅದನ್ನು ಕಣ್ಣು ಮುಚ್ಚಿ ಎಳೆಯುವಳು. ಒಂದೇ ಒಂದು ಎಳೆ ಸಿಕ್ಕಿಬಿದ್ದರೂ ಆ ಹಿಡಿ ಮತ್ತೆ ಲೇತಿಗೆ. ಕಣ್ಣಿಗೆ ಕಾಣದ, ಬೆರಳಿಗೂ ತಿಳಿಯದ ಏರು ಆ ಬಟ್ಟೆಗೆ ತಿಳಿಯುತ್ತಿತ್ತು. ಕೊನೆಯ ಉಜ್ಜಿಗೆ ನೀರು ಬಳಸುತ್ತಿರಲಿಲ್ಲ, ನೀರು ಕುಡಿದರೆ ಕಟ್ಟಿಗೆ ಉಬ್ಬುತ್ತದೆ. ನುಣುಪು ಪೇಪರಿಗೆ ಒಂದು ಹನಿ ಅಗಸಿ ಎಣ್ಣೆ ಬಿಟ್ಟು ಉಜ್ಜುವಳು. ಆಮೇಲೆ ಒಣ ಬಟ್ಟೆಯಿಂದ ಒರೆಸಿ, ಹಿಡಿಯನ್ನು ಒಂದು ದಿನ ಸುಮ್ಮನೆ ಇಟ್ಟು, ಮಾರನೇ ದಿನ ಜೇನುಮೇಣ ಹಚ್ಚುವಳು. ಅವಳು ಮುಗಿಸಿದ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರೆ ಕಟ್ಟಿಗೆ ಎಲ್ಲಿ ಮುಗಿಯಿತು, ಅಕ್ರಿಲಿಕ್ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ.

ಧೂಳಿನ ಮಾತು ಹೇಳದೆ ಮುಂದೆ ಹೋಗಲಾರೆ. ಅಕ್ರಿಲಿಕ್ಕಿನ ಧೂಳು ಕಟ್ಟಿಗೆ ಧೂಳಿನ ಹಾಗೆ ಕೆಳಗೆ ಬಿದ್ದು ಸುಮ್ಮನಿರುವುದಲ್ಲ. ಮೈಗೆ, ಕೂದಲಿಗೆ, ರೆಪ್ಪೆಗೆ ಅಂಟಿಕೊಳ್ಳುತ್ತದೆ. ಒಮ್ಮೆ ಕೆಲಸ ಬಿಟ್ಟು ಹಾಗೇ ಮಾಣಿಕನಗರದ ಗುಡಿಗೆ ಹೋದರೆ, ಹೂವಿನ ಅಂಗಡಿಯವಳು “ಏನವ್ವಾ, ಗಿರಣ್ಯಾಗ ಬಿದ್ದಿದ್ದೇನ?” ಎಂದು ಕೇಳಿದ್ದಳು. ಧೂಳು ಎಳೆಯುವ ಫ್ಯಾನು ಹಾಕಿಸಿ ಎಂದು ಕೇಳಿ ಕೇಳಿ ನಮ್ಮ ಬಾಯಿ ಸೋತಿತು. ಕಡೆಗೂ ಫ್ಯಾನು ಬಂತು. ಎಲ್ಲಿ ಹಾಕಿದರು ಗೊತ್ತೇ? ಗಿರಾಕಿಗಳು ಕೂರುವ ಸ್ಯಾಂಪಲ್ ಕೋಣೆಯಲ್ಲಿ! ಗಾಜಿನ ಕಪಾಟಿನಲ್ಲಿಟ್ಟ ಮಾಲಿನ ಮೇಲೆ ಧೂಳು ಕೂರಬಾರದಂತೆ. ನಮ್ಮ ಎದೆಯೊಳಗೆ ಕೂತರೆ ನಡೆಯುತ್ತದೆ. ನಾವು ಸೆರಗನ್ನು ಎರಡು ಸುತ್ತು ಸುತ್ತಿ ಮೂಗಿಗೆ ಕಟ್ಟಿಕೊಂಡೇ ದುಡಿದೆವು. ಈಗಲೂ ಚಳಿಗಾಲದಲ್ಲಿ ನನಗೆ ಕೆಮ್ಮು ಬಂದರೆ ಆ ಫ್ಯಾನಿನ ನೆನಪಾಗುತ್ತದೆ. ಹುಡುಗಿಯರೇ, ಕೆಲಸಕ್ಕೆ ಸೇರುವ ದಿನ ಸಂಬಳಕ್ಕಿಂತ ಮೊದಲು ಫ್ಯಾನು ಎಲ್ಲಿದೆ ಎಂದು ನೋಡಿರಿ.

ಆ ಫ್ಯಾನು ಅಲ್ಲಿ ಹಾಕಿಸಿದವರು ನಮ್ಮ ಸೂಪರ್‌ವೈಜರ್ ಶಿವರಾಜ ಸಾಹೇಬರು. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ಬೈಗುಳ ಆಡಿದವರಲ್ಲ, ಹಬ್ಬಕ್ಕೆ ರಜೆ ಕೇಳಿದರೆ ಇಲ್ಲ ಎಂದವರಲ್ಲ. ಅವರಿಗಿದ್ದ ರೋಗ ಒಂದೇ. ತಮ್ಮಿಂದ ತಪ್ಪಾಯಿತು ಎಂಬ ಮಾತು ಅವರ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ.

ಒಂದು ಸಲ ಮಾಲಕರ ನೆಂಟರ ಹೊಸ ಮನೆಗೆ ಶೀಸಂ ಕಟ್ಟಿಗೆಯ ಬಾಗಿಲಗುಂಡುಗಳು ಬೇಕಾದವು, ನಡುವೆ ಬಿಳಿ ಉಂಗುರ. ಶೀಸಂ ಧೂಳು ಕರಿ. ಉಜ್ಜುವಾಗ ಅದು ಬಿಳಿ ಉಂಗುರದ ಸಣ್ಣ ಗೀರುಗಳಲ್ಲಿ ಹೋಗಿ ಕೂತು ಉಂಗುರ ಮಾಸಿದ ಹಾಗೆ ಕಾಣತೊಡಗಿತು. ಪೇಪರ್ ಬದಲಿಸಿ ಇನ್ನೊಂದು ಸುತ್ತು ಉಜ್ಜಿದರೆ ಹೋಗುವ ಮಾತು. ಸಾಹೇಬರಿಗೆ ಅಷ್ಟು ತಾಳ್ಮೆ ಎಲ್ಲಿಯದು? “ಸಾಬೂನು ನೀರಾಗ ಹಾಕಿ ತೊಳೀರಿ, ಅಂಗಿ ತೊಳಿಯಂಗಿಲ್ಲೇನು ನೀವು?” ಎಂದರು. ಬಕೆಟ್ಟು ತಂದು ಅವರೇ ಗುಂಡುಗಳನ್ನು ಮುಳುಗಿಸಿದರು. ಉಂಗುರ ಬೆಳ್ಳಗಾಯಿತು ನಿಜ. ಕಟ್ಟಿಗೆ ನೀರು ಕುಡಿದು ಉಬ್ಬಿ, ಉಂಗುರ ಒಳಗೆ ಹೂತುಹೋಯಿತು. ಮಾಲಕರು ಬಂದು ಕೇಳಿದಾಗ ಸಾಹೇಬರು ನಮ್ಮ ಕಡೆ ಕೈ ತೋರಿಸಿ, “ಬಾಯಿಗೋಳು ನೀರು ಮುಟ್ಟಿಸ್ಯಾರ್ರಿ” ಎಂದರು. ಅದೇ ಬಕೆಟ್ಟು ಅವರ ಕಾಲ ಹತ್ತಿರ ಇನ್ನೂ ಇತ್ತು! ಆಗ ನಾವು ಹಿಂದಿನಿಂದ ನಕ್ಕೆವು. ಈಗ ಅನಿಸುತ್ತದೆ, ಆವತ್ತು ನಗಬಾರದಿತ್ತು, ಮುಂದೆ ನಿಂತು ಕೇಳಬೇಕಿತ್ತು.

ಇನ್ನು ಥಿನ್ನರಿನ ಕಥೆ.

ಹೈದರಾಬಾದಿನ ವ್ಯಾಪಾರಿಯೊಬ್ಬರು ಊರುಗೋಲಿನ ಹಿಡಿಗಳಿಗೆ ದೊಡ್ಡ ಆರ್ಡರ್ ಕೊಟ್ಟರು. ಸಾಗವಾನಿ ಕಟ್ಟಿಗೆ, ಕೊರಳಲ್ಲಿ ಹಾಲುಬಿಳಿ ಅಕ್ರಿಲಿಕ್ ಉಂಗುರ. ಅದೇ ಸುಮಾರಿಗೆ ಕಾರ್ಖಾನೆಗೆ ಹೊಸ ಯಂತ್ರ ಬಂತು, ಗರಗರ ತಿರುಗುವ ಬಟ್ಟೆಯ ಗಾಲಿ. ಹಿಡಿಯನ್ನು ಅದಕ್ಕೆ ತಾಗಿಸಿದರೆ ಹೊಳಪು ಬರುತ್ತದೆ, ಮೇಣ ತಿಕ್ಕುವ ಕೆಲಸ ತಪ್ಪುತ್ತದೆ. ಆದರೆ ಎಣ್ಣೆ ಇದ್ದರೆ ಗಾಲಿಯ ಬಟ್ಟೆ ಜಿಡ್ಡು ಹಿಡಿಯುತ್ತಿತ್ತು. ಅದಕ್ಕೆ ಸಾಹೇಬರು ಒಂದು ಉಪಾಯ ತೆಗೆದರು. ಎಣ್ಣೆ ಉಜ್ಜು ಮುಗಿದ ಕೂಡಲೆ ಬಣ್ಣ ತೆಳು ಮಾಡುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು, ಒಣಗಿದ ಕೂಡಲೆ ಗಾಲಿಗೆ ಕೊಡುವುದು. ಒಂದು ದಿನ ಇಡುವುದೂ ಬೇಡ, ಕಾಯುವುದೂ ಬೇಡ.

ಶಹೀದಾಗೆ ಅದರ ವಾಸನೆಯೇ ಹಿಡಿಸಲಿಲ್ಲ. “ಸಾಹೇಬರ, ನಮ್ಮ ಅಬ್ಬಾ ಇಂಥಾದ್ದು ಎಂದೂ ಹಚ್ಚಿಲ್ರಿ” ಎಂದಳು.

“ನಿಮ್ಮ ಅಬ್ಬಾ ತೊಟ್ಲಾ ಮಾಡ್ಯಾರ, ಅಕ್ರಿಲಿಕ್ ಮಾಡ್ಯಾರೇನ? ಒರೆಸು” ಎಂದರು ಸಾಹೇಬರು.

ಅವಳು ಬಟ್ಟೆ ಅದ್ದಿ ಒರೆಸತೊಡಗಿದಳು. ಥಿನ್ನರ್ ಅಕ್ರಿಲಿಕ್ಕಿಗೆ ಏನು ಮಾಡುತ್ತದೆ ಎಂದು ನಮ್ಮ ಶೆಡ್ಡಿನಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ. ಆರ್ಡರ್ ದೊಡ್ಡದು, ಮಾಲು ಚೊಕ್ಕ ಇರಬೇಕು ಎಂದು ಕಡೆಯ ಕೆಲಸವನ್ನೆಲ್ಲ ಸಾಹೇಬರೇ ಶಹೀದಾಳ ಮೇಜಿಗೆ ಹಾಕಿದರು. ಉಳಿದವರ ಕೈ ಒಂದು ಸಮ ಇರುವುದಿಲ್ಲ, ಇವಳದೇ ಪಕ್ಕಾ ಕೈ ಎಂದು ಎಲ್ಲರೆದುರು ಹೇಳಿದರು. ಈ ಮಾತನ್ನು ನೆನಪಿಡಿ. ಎಲ್ಲ ಹಿಡಿಗಳೂ ಅವಳ ಕೈಯಿಂದಲೇ ಒರೆಸಿಕೊಂಡು ಹೋದದ್ದು ಅವಳ ಕೈ ಚಂದ ಎಂಬ ಕಾರಣಕ್ಕೆ.

ಮಾಲು ಹೋಯಿತು. ಸ್ವಲ್ಪ ದಿನಕ್ಕೆ ಪೆಟ್ಟಿಗೆಗಳು ವಾಪಸ್ಸು ಬಂದವು. ಬಿಚ್ಚಿ ನೋಡಿದರೆ ಬಿಳಿ ಉಂಗುರಗಳ ತುಂಬ ಕೂದಲೆಳೆಯಂಥ ಬಿರುಕು. ಕೈಗೆ ಹತ್ತುವುದಿಲ್ಲ, ಬೆಳಕಿಗೆ ಹಿಡಿದರೆ ಒಳಗೆ ಕಾಣುತ್ತವೆ. ಶಹೀದಾ ಒಂದೊಂದೇ ಹಿಡಿ ತೆಗೆದು ಕಿಟಕಿಗೆ ಹಿಡಿದು ನೋಡುತ್ತಿದ್ದಳು. ಅವಳ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತನ್ನ ಧೋತರದ ಬಟ್ಟೆ ತೆಗೆದು ಬಿರುಕಿನ ಮೇಲೆ ಎಳೆದಳು. ಎಳೆ ಸಿಕ್ಕಲಿಲ್ಲ. “ಮ್ಯಾಲ ಏನೂ ಇಲ್ಲ ಅಕ್ಕಾ, ಒಳಗ ಅದ. ಒಳಗ ಹ್ಯಾಂಗ ಹೋತು?” ಎಂದು ನನ್ನನ್ನು ಕೇಳಿದಳು.

ಮಾಲಕರು ಬಂದರು, ವ್ಯಾಪಾರಿಯ ಮನುಷ್ಯ ಬಂದ. ಯಾರ ಕೆಲಸ ಇದು ಎಂದು ಕೇಳಿದರು. ಸಾಹೇಬರು ಒಂದು ಗಳಿಗೆಯೂ ತಡಮಾಡಲಿಲ್ಲ.

“ಈ ಬಾಯಿದ್ರಿ. ಕೈ ಭಾಳ ಭಾರ ಅದ. ಒತ್ತಿ ಉಜ್ಜ್ಯಾಳ, ಕಾಯ್ದು ಬಿರಿದಾವ.”

ನಾನು ಎದ್ದು ನಿಂತೆ. “ಸುಳ್ಳ ಯಾಕ ಹೇಳ್ತೀರಿ ಸಾಹೇಬರ? ಮೊನ್ನೆ ಪಕ್ಕಾ ಕೈ ಅಂದವರು ನೀವೇ ಅಲ್ಲೇನ್ರಿ?” ಎಂದೆ. ನನ್ನನ್ನು ಹೊರಗೆ ಕಳಿಸಿದರು, ನಾನು ಬಾಗಿಲಲ್ಲೇ ನಿಂತು ನೋಡಿದೆ. ಖರಾದಿ ಉಸ್ತಾದ್ ತನ್ನ ಲೇತಿನ ಪಟ್ಟಾ ನೋಡುತ್ತ ತಲೆ ತಗ್ಗಿಸಿಕೊಂಡ. ಉಳಿದ ಹೆಣ್ಣುಮಕ್ಕಳು ನೆಲ ನೋಡಿದರು. ಶಹೀದಾ ಬುರ್ಖಾ ಹಾಕಿಕೊಂಡಳು, ಡಬ್ಬಿ ತೆಗೆದುಕೊಂಡಳು, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಗೇಟಿನಲ್ಲಿ ಕರೆದೆ, ತಿರುಗಿ ನೋಡಲಿಲ್ಲ.

ಇಷ್ಟೇ ಆಗಿದ್ದರೆ ಅನ್ಯಾಯ ಎನ್ನುತ್ತಿದ್ದೆ. ಆಮೇಲೆ ಆದದ್ದಕ್ಕೆ ಏನೆನ್ನಬೇಕು ನನಗೆ ಇವತ್ತಿಗೂ ಶಬ್ದ ಸಿಕ್ಕಿಲ್ಲ.

ಅವಳು ಹೋದ ಮೇಲೆ ಆ ಆರ್ಡರನ್ನು ಹೊಸದಾಗಿ ಮಾಡಿಕೊಡಬೇಕಾಯಿತು. ಒರೆಸುವ ಕೆಲಸ ನನಗೂ ಇನ್ನಿಬ್ಬರಿಗೂ ಬಂತು. ನಾವು ಹೆದರಿ ಹೆದರಿ, ಹೂವು ಮುಟ್ಟಿದ ಹಾಗೆ ಮುಟ್ಟಿ ಉಜ್ಜಿದೆವು. ಥಿನ್ನರಿನಿಂದ ಒರೆಸಿದೆವು. ವಾರ ಕಳೆಯುವುದರೊಳಗೆ ಪೆಟ್ಟಿಗೆಯಲ್ಲೇ ಅವೂ ಬಿರಿದವು, ಅದೇ ಕೂದಲೆಳೆ. ಅದೇ ವೇಳೆಗೆ ಅಕ್ರಿಲಿಕ್ ಪೂರೈಸುವ ಮನುಷ್ಯ ಲೆಕ್ಕ ಮಾಡಲು ಬಂದಿದ್ದ. ನನ್ನ ಮೇಜಿನ ಮೇಲಿದ್ದ ಥಿನ್ನರ್ ಡಬ್ಬಿ ನೋಡಿ ತಲೆ ಹಿಡಿದುಕೊಂಡ. “ಯಾರ್ರಿ ಇದನ್ನ ಹಚ್ಚಂದವರು? ಲೇತಿನ್ಯಾಗ ಕಾಯ್ದ ಅಕ್ರಿಲಿಕ್ಕಿಗೆ ಒಳಗ ಬಿಗಿ ಇರ್ತದ. ಥಿನ್ನರ್ ಹತ್ತಿದ್ರ ಅದು ಬಿರೀತದ, ಇವತ್ತಲ್ಲದಿದ್ರ ನಾಳೆ” ಎಂದ. ಸಾಹೇಬರು ಅಲ್ಲೇ ನಿಂತಿದ್ದರು. ಕೇಳಿಸಿಕೊಂಡರು. ಅವರ ಕಿವಿ ಕೆಂಪಾದದ್ದನ್ನು ನಾನು ಕಂಡೆ.

ಮಾರನೇ ದಿನ ಬಂದು ನೋಡಿದರೆ ಒಂದೂ ಥಿನ್ನರ್ ಡಬ್ಬಿ ಇಲ್ಲ. ಮೇಜಿನ ಮೇಲೆ ಒಣ ಬಟ್ಟೆ, ಅಗಸಿ ಎಣ್ಣೆ, ಜೇನುಮೇಣ. ಶಹೀದಾಳ ಪದ್ಧತಿಯೇ, ಚಾಚೂ ತಪ್ಪದೆ. ಹಿಡಿಯನ್ನು ಒಂದು ದಿನ ಇಟ್ಟು ಮೇಣ ಹಚ್ಚುವುದು ಕೂಡ. ನನಗೆ ಖುಷಿಯಾಯಿತು, ಇನ್ನು ಅವಳನ್ನು ಕರೆಯುತ್ತಾರೆ ಎಂದುಕೊಂಡೆ. ನಾಲ್ಕು ದಿನ ಕಾದೆ. ಐದನೇ ದಿನ ಸಾಹೇಬರ ಕೋಣೆಗೆ ಹೋದೆ.

“ಥಿನ್ನರ್ ಯಾಕ ತೆಗೆದ್ರಿ ಸಾಹೇಬರ?”

“ಪದ್ಧತಿ ಬದಲು ಆಗ್ಯಾದ.”

“ಹಂಗಾದ್ರ ಶಹೀದಾನ್ನ ಕರೀರಿ. ಆಕಿ ತಪ್ಪಿಲ್ಲ ಅಂತ ನಿಮಗ ಗೊತ್ತಾತಲ್ಲ.”

ಅವರು ಎದ್ದು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. “ತಿಳ್ಕೋರಿ ಕಮಲಾಬಾಯಿ. ಹೋದವರ್ನ ಕರ್ಕೊಂಡ್ರ ನಾವೇ ತಪ್ಪು ಮಾಡಿದಂಗ ಆಗ್ತದ.”

ಮಾಡಿದಂಗ ಆಗ್ತದಂತೆ! ಮಾಡಿದ್ದಕ್ಕೇ ಅಲ್ಲವೇ ಹಾಗಾಗುವುದು? ಅವರ ಮೇಜಿನ ಮೇಲಿದ್ದ ಗಾಜಿನ ಲೋಟ ಎತ್ತಿ ನೆಲಕ್ಕೆ ಕುಕ್ಕಬೇಕು ಅನಿಸಿತು. ಕುಕ್ಕಲಿಲ್ಲ. ಮಾಲಕರ ಹತ್ತಿರ ಹೋದೆ. ಅವರು “ಅದೆಲ್ಲ ಶಿವರಾಜಪ್ಪ ನೋಡ್ಕೋತಾನ” ಎಂದು ಕೈ ತೊಳೆದುಕೊಂಡರು.

ನಾನೇ ಬಸವಕಲ್ಯಾಣಕ್ಕೆ ಹೋಗಿ ಶಹೀದಾಗೆ ಥಿನ್ನರಿನ ವಿಷಯ ಹೇಳಿದೆ. “ಹಂಗಾದ್ರ ನಂದು ಅಲ್ಲ” ಎಂದಳು. ಅಲ್ಲಿಯ ತನಕ ಅವಳು ತನ್ನ ಕೈಯನ್ನೇ ಶಂಕಿಸುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಆದರೆ ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಮನೆಗೆ ಮಾಲು ಕೊಟ್ಟು ಉಜ್ಜಿಸುವ ಬಸವಕಲ್ಯಾಣದ ಅಂಗಡಿಯವರು ಅವಳ ಮುಖ ನೋಡಿ ಸದ್ಯಕ್ಕೆ ಕೆಲಸ ಇಲ್ಲ ಎನ್ನುತ್ತಿದ್ದರು. ಅವಳ ತಂದೆಯ ಕೈಕೆಳಗೆ ಕಲಿತ ಖರಾದಿಯೊಬ್ಬ, “ಆಕಿ ಕೈ ಹತ್ತಿದ್ರ ಮಾಲು ಬಿರೀತದ ಅಂತಾರ” ಎಂದು ಕೊಟ್ಟ ಪೆನ್ನುಗಳನ್ನು ವಾಪಸ್ಸು ತರಿಸಿಕೊಂಡ. “ಅಬ್ಬಾ ಇಲ್ಲ, ಅದೊಂದು ಛಲೋ ಆತು. ಇದ್ದಿದ್ರ ಈ ಮಾತು ಕೇಳಬೇಕಿತ್ತು” ಎಂದಳು ಶಹೀದಾ. ಪೇಪರುಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದಳು, ಕೌದಿ ಹೊಲಿಯಲು ಕೂತಳು. ಧೋತರದ ಆ ತುಂಡನ್ನು ಮಾತ್ರ ಕೌದಿಗೆ ಸೇರಿಸಲಿಲ್ಲ.

ನಾನು ಆ ಶೆಡ್ಡಿನಲ್ಲೇ ಉಳಿದೆ, ನಿವೃತ್ತಿಯ ತನಕ. ಉಳಿಯಬೇಕಿತ್ತು, ಮನೆ ನಡೆಯಬೇಕಿತ್ತು. ಹೊಸ ಹೆಣ್ಣುಮಕ್ಕಳು ಬಂದಾಗಲೆಲ್ಲ ಸಾಹೇಬರು ಶಹೀದಾಳ ಹೆಸರು ಹಿಡಿದೇ ‘ಕೈ ಭಾರದ ಬಾಯಿ’ಯ ಕಥೆ ಹೇಳುತ್ತಿದ್ದರು, ಹಿಂದಿನಿಂದ ನಾನು ನಿಜವಾದ ಕಥೆ ಹೇಳುತ್ತಿದ್ದೆ. ಸೂಪರ್‌ವೈಜರ್ ಮಾತು ಕೆಲಸದ ಮಾತಾಗುತ್ತದೆ, ನಮ್ಮ ಮಾತು ಹೆಂಗಸರ ಹರಟೆಯಾಗುತ್ತದೆ. ಹೀಗಾಗಿ ಗೆದ್ದದ್ದು ಅವರ ಕಥೆ. ಅದು ಇಷ್ಟು ದೂರ ನಡೆದು, ಪಾಠದ ಕೋಣೆಯೊಳಗೆ ಬಂದು ಕೂತಿದೆ ಎಂದು ಮಾತ್ರ ನನಗೆ ಆ ಚಹಾದ ದಿನದ ತನಕ ಗೊತ್ತಿರಲಿಲ್ಲ.

ಚಹಾ ಕುಡಿದ ಮಾರನೇ ದಿನವೇ ಬಸವಕಲ್ಯಾಣದ ಬಸ್ಸು ಹತ್ತಿದೆ. ನಡಿ, ಆ ಕೇಂದ್ರಕ್ಕೆ ಹೋಗಿ ನಿನ್ನ ಹೆಸರು ಹೇಳಿ ಬರೋಣ ಎಂದೆ. ಶಹೀದಾ ಕೈಮುಗಿದಳು.

“ಜಾನೇ ದೋ ಅಕ್ಕಾ, ಬಿಡು. ಆಗಿ ಎಷ್ಟ ವರ್ಷ ಆತು. ಈಗ ಹೇಳಿದ್ರ ನಗ್ತಾರ.”

“ನಗೋರ ಹಲ್ಲು ನಾ ನೋಡ್ಕೋತೀನಿ.”

ಕಡೆಗೆ ಒಂದು ಕರಾರಿನ ಮೇಲೆ ಒಪ್ಪಿದಳು. ಅವಳು ಬರುತ್ತಾಳೆ, ಸುಮ್ಮನೆ ಕೂತು ಕೆಲಸ ನೋಡುತ್ತಾಳೆ, ನಾನು ಅವಳ ಹೆಸರು ಹೇಳಬಾರದು. ನನ್ನ ಬಾಯಿಗೆ ಬೀಗ ಹಾಕುವುದು ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು. ಅವಳ ಸಲುವಾಗಿ ಹಾಕಿಕೊಂಡೆ.

ಕೇಂದ್ರದಲ್ಲಿ ಸುನೀತಾ ಮೇಡಂ ನಮ್ಮನ್ನು ಚೆನ್ನಾಗಿ ಬರಮಾಡಿಕೊಂಡರು. ಇವರು ನನ್ನ ಗೆಳತಿ, ಈ ಕಸುಬಿನವರು ಎಂದಷ್ಟೇ ಹೇಳಿದೆ. ಹುಡುಗಿಯರು ಕೀಲಿಗೊಂಚಲಿನ ಗುಬ್ಬಿಗಳನ್ನು ಉಜ್ಜುತ್ತಿದ್ದರು, ಕಟ್ಟಿಗೆಗೆ ನೀಲಿ ಅಕ್ರಿಲಿಕ್ ಕೂಡಿಸಿದ್ದು. ಕೋಣೆಯಲ್ಲಿ ಧೂಳು ಎಳೆಯುವ ಫ್ಯಾನು ಇತ್ತು, ಸರಿಯಾದ ಜಾಗದಲ್ಲಿ. ಅದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿದಿತ್ತು. ಅಷ್ಟರಲ್ಲಿ ಕೊಹಿನೂರು ಹಳ್ಳಿಯ ಕಡೆಯ ರೇಣುಕಾ ಎಂಬ ಹುಡುಗಿ ಲೇತಿನ ಮುಂದೆ ನಿಂತು, ತುಟಿ ಕಚ್ಚಿಕೊಂಡು, ಜೋರಾಗಿ ಒತ್ತಿ ಉಜ್ಜತೊಡಗಿದಳು. ಮೇಡಂ ಅಲ್ಲಿಂದಲೇ ಕೂಗಿದರು, “ಏ ರೇಣುಕಾ, ಮತ್ತ ಶಹೀದಾ ಕೈ!”

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು.

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಶಹೀದಾಳ ಕಡೆ ನೋಡುವ ಧೈರ್ಯ ಆಗಲಿಲ್ಲ. ಅವಳು ಎದ್ದು ಹೊರಗೆ ಹೋಗುತ್ತಾಳೆ, ಆವತ್ತಿನ ಹಾಗೆ, ಎಂದುಕೊಂಡೆ. ಅವಳು ಎದ್ದಳು. ಹೊರಗೆ ಹೋಗಲಿಲ್ಲ. ರೇಣುಕಾಳ ಹತ್ತಿರ ಹೋಗಿ ಲೇತ್ ನಿಲ್ಲಿಸಲು ಹೇಳಿದಳು, ಹೊಸ ಪೇಪರಿನ ತುಂಡು ಹರಿದು ಅವಳ ಬೆರಳಿಗೆ ಕೊಟ್ಟು, ಆ ಬೆರಳುಗಳ ಮೇಲೆ ತನ್ನ ಕೈ ಇಟ್ಟಳು. ಲೇತ್ ತಿರುಗಿತು. ನಾನು ಕೂತಲ್ಲಿಂದ ಸಪ್ಪಳ ಕೇಳುತ್ತಿದ್ದೆ. ಕರಕರ ಎನ್ನುತ್ತಿದ್ದದ್ದು ಸರಸರ ಎನ್ನತೊಡಗಿತು. ಇಷ್ಟು ವರ್ಷ ಸೂಜಿ ಹಿಡಿದ ಕೈ ಏನನ್ನೂ ಮರೆತಿರಲಿಲ್ಲ.

“ಪೇಪರಿಗೆ ಹಲ್ಲು ಅವ ಬೇಟಿ. ಕಡಿಯೋದು ಅದರ ಕೆಲಸ.”

ಲೇತ್ ನಿಂತಿತು. ಶಹೀದಾ ತನ್ನ ಚೀಲದಿಂದ ಧೋತರದ ತುಂಡು ತೆಗೆದು ಕೂಡುವ ಜಾಗದ ಮೇಲೆ ಎಳೆದಳು. ಒಂದು ಎಳೆಯೂ ಸಿಕ್ಕಲಿಲ್ಲ. ರೇಣುಕಾ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು.

“ನಿಮ್ಮ ಕೈ ಇಟ್ಟಿದ್ದೇ ನಂಗ ಗೊತ್ತಾಗ್ಲಿಲ್ರಿ, ಎಷ್ಟ ಹಗುರ ಅದ! ನಿಮ್ಮ ಹೆಸರೇನ್ರಿ ಖಾಲಾ?”

ಶಹೀದಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಹುಡುಗಿಯ ಕಡೆ ತಿರುಗಿ ಹೇಳಿದಳು.

“ಶಹೀದಾ.”

ಯಾರೂ ನಗಲಿಲ್ಲ. ಸುನೀತಾ ಮೇಡಂ ಕೈಯಲ್ಲಿದ್ದ ಗುಬ್ಬಿಯನ್ನು ಮೇಜಿನ ಮೇಲಿಟ್ಟರು. ನನ್ನ ಬೀಗ ಕಳಚಿತು. ಥಿನ್ನರಿನಿಂದ ಹಿಡಿದು ಗೇಟಿನ ತನಕ ನಿಂತ ಕಾಲಲ್ಲೇ ಎಲ್ಲ ಹೇಳಿದೆ. ಹೇಳುವಾಗ ಅತ್ತೆ, ಅದನ್ನೂ ಮುಚ್ಚಿಡುವುದಿಲ್ಲ. ಶಹೀದಾ ಅಳಲಿಲ್ಲ. ಇನ್ನೊಬ್ಬ ಹುಡುಗಿಯ ಗುಬ್ಬಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಈಗ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಾಳೆ. ಮೇಡಂ ಅವರೇ ಕೇಳಿಕೊಂಡರು.

ಈ ಬರಹ ಓದಿ ಮೇಡಂ ನಿನ್ನೆ ಮತ್ತೆ ಮನೆಗೆ ಬಂದಿದ್ದರು. ಎಲ್ಲ ಛಲೋ ಇದೆ, ಒಂದು ಕಡೆ ಮಾತ್ರ ತಿದ್ದಬೇಕು ಎಂದರು. “ಶಿವರಾಜ ಸಾಹೇಬರು ನಮ್ಮ ಕೇಂದ್ರಕ್ಕ ಹಿರಿಯರ್ರಿ, ಸಭಾಕ್ಕ ಕರೀತೀವಿ. ವಯಸ್ಸಾಗ್ಯಾದ. ಅವರ ಹೆಸರೊಂದು ತೆಗೆದ್ಬಿಡ್ರಿ. ಒಬ್ಬ ಸೂಪರ್‌ವೈಜರ್ ಅಂತ ಬರೀರಿ, ಸಾಕು. ಮಂದಿ ಎದುರಿಗೆ ಮನುಷ್ಯಾನ ಹೆಸರು ಕೆಡಬಾರದು.”

ಶಹೀದಾಳ ಹೆಸರು ಹಿಡಿದು ಇಷ್ಟು ವರ್ಷ ನಗುವಾಗ ಇದು ಯಾರಿಗೂ ನೆನಪಾಗಲಿಲ್ಲವಲ್ಲ ಎಂದೆ. ನಾನು ಹೆಸರು ತೆಗೆದಿಲ್ಲ.